ತೆರಿಗೆ ಯಂತ್ರಕ್ಕೆ ಕಣ್ಣು ಬಂದಿದೆ, ಕಿವಿ ಯಾವಾಗ?

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಮುಂದೆ ಇದ್ದಕ್ಕಿದ್ದಂತೆ ಕೈಬರಹದ ಬೋರ್ಡ್‌ಗಳು ಬಂದವು: 'ನೋ ಯುಪಿಐ, ಓನ್ಲಿ ಕ್ಯಾಶ್'. ಡಿಜಿಟಲ್ ಪಾವತಿಗೆ ಹೆಸರಾದ ಊರಿನಲ್ಲಿ ಜನ ಕ್ಯೂಆರ್ ಕೋಡ್ ಕಿತ್ತು ಒಳಗಿಟ್ಟರು. ಕಾರಣ ನಿಮಗೆ ಗೊತ್ತೇ ಇದೆ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಲೆಕ್ಕ ತರಿಸಿಕೊಂಡು, ಜಿಎಸ್‌ಟಿ ನೋಂದಣಿ ಇಲ್ಲದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು.

ಅದರಲ್ಲಿ ಹೆಚ್ಚು ಸುದ್ದಿಯಾದದ್ದು ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದ ನೋಟಿಸ್. ನಾಲ್ಕು ವರ್ಷದಲ್ಲಿ 1.63 ಕೋಟಿ ರೂ. ವಹಿವಾಟು, ಅದಕ್ಕೆ 29 ಲಕ್ಷ ರೂ. ತೆರಿಗೆ. ಮೊಬೈಲ್‌ನಲ್ಲೇ ಲೆಕ್ಕ ಹಾಕಿ ನೋಡಿ: ಇಡೀ ಮೊತ್ತಕ್ಕೆ ಶೇ 18 ಹಾಕಿದರೆ ಹೆಚ್ಚುಕಡಿಮೆ ಇದೇ ಅಂಕಿ ಬರುತ್ತೆ. ಆದರೆ ಪ್ಯಾಕ್ ಮಾಡದ ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ತೆರಿಗೆ ವಿನಾಯಿತಿ ಇರುವ ಸರಕನ್ನಷ್ಟೇ ಮಾರುವವರು ನೋಂದಣಿ ಮಾಡಿಸುವ ಅಗತ್ಯವೂ ಕಾನೂನಿನಲ್ಲಿ ಇಲ್ಲ.

ಆಮೇಲೆ ನಡೆದದ್ದು ನಮಗೆಲ್ಲ ಪರಿಚಿತವಾದ ನಾಟಕ. ಬಿಜೆಪಿ ರಾಜ್ಯ ಸರ್ಕಾರದ ಕಡೆ ಬೆರಳು ತೋರಿಸಿತು. ಕಾಂಗ್ರೆಸ್ 'ಜಿಎಸ್‌ಟಿ ತಂದಿದ್ದು ಯಾರು' ಅಂತ ಕೇಂದ್ರದ ಕಡೆ ತಿರುಗಿಸಿತು. ನೋಟಿಸ್ ಅಂತಿಮ ಆದೇಶವಲ್ಲ, ಉತ್ತರ ಕೊಟ್ಟರೆ ಸರಿಪಡಿಸುತ್ತೇವೆ ಅಂತ ಇಲಾಖೆ ಹೇಳಿತು. ವ್ಯಾಪಾರಿಗಳು ಜುಲೈ 25ಕ್ಕೆ ಬಂದ್ ಕರೆದರು. ಅದಕ್ಕೆ ಎರಡು ದಿನ ಮೊದಲು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರನ್ನು ಕರೆಸಿ ಮಾತಾಡಿದರು. ವಿನಾಯಿತಿ ಇರುವ ಸರಕಿಗೆ ತೆರಿಗೆ ಕೇಳಲ್ಲ, ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ಕೇಳಲ್ಲ ಎಂಬ ಭರವಸೆ ಸಿಕ್ಕಿತು. ವಿಷಯ ಅಲ್ಲಿಗೆ ತಣ್ಣಗಾಯಿತು.

ಎರಡು ತಿಂಗಳಿಗೆ, ಸೆಪ್ಟೆಂಬರ್ 22ರಂದು, ದೇಶದಲ್ಲಿ ಹೊಸ ಜಿಎಸ್‌ಟಿ ದರಗಳು ಬಂದವು. ಶೇ 12 ಮತ್ತು ಶೇ 28ರ ಸ್ಲ್ಯಾಬ್ ಹೋಗಿ ಮುಖ್ಯವಾಗಿ ಶೇ 5, ಶೇ 18 ಉಳಿದವು, ಐಷಾರಾಮಿ ಮತ್ತು ಹಾನಿಕಾರಕ ಸರಕಿಗೆ ಶೇ 40. ಪತ್ರಿಕೆಗಳ ತುಂಬಾ ಜಾಹೀರಾತು. 'ತೆರಿಗೆ ಸುಧಾರಣೆ' ಅಂದರೆ ದರ ಇಳಿಕೆ ಎಂದೇ ಎಲ್ಲರೂ ಮಾತಾಡಿದರು. ದರ ಇಳಿದದ್ದು ಒಳ್ಳೆಯದೇ. ಆದರೆ ಜುಲೈನಲ್ಲಿ ಅಂಗಡಿಯವರು ಬೀದಿಗೆ ಬಂದದ್ದು ದರದ ಕಾರಣಕ್ಕಲ್ಲ. ಸರ್ಕಾರ ತೆರಿಗೆಯನ್ನು ವಸೂಲಿ ಮಾಡುವ ರೀತಿಗೆ ಅವರು ಹೆದರಿದ್ದರು. ಆ ರೀತಿಯ ಬಗ್ಗೆ ಸೆಪ್ಟೆಂಬರ್‌ನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ಸಂಬಳವಿಲ್ಲದ ಶಾನುಭೋಗರು

ಮೊದಲು ಸರ್ಕಾರದ ಜೇಬಿಗೆ ದುಡ್ಡು ಎಲ್ಲಿಂದ ಬರುತ್ತೆ ನೋಡೋಣ. 2025-26ರ ಕೇಂದ್ರ ಬಜೆಟ್ ಪ್ರಕಾರ ಸರ್ಕಾರಕ್ಕೆ ಬರುವ ಪ್ರತಿ ರೂಪಾಯಿಯಲ್ಲಿ 24 ಪೈಸೆ ಸಾಲ. ಉಳಿದದ್ದರಲ್ಲಿ ಆದಾಯ ತೆರಿಗೆ 22 ಪೈಸೆ, ಜಿಎಸ್‌ಟಿ 18 ಪೈಸೆ, ಕಂಪನಿಗಳು ಕಟ್ಟುವ ಕಾರ್ಪೊರೇಟ್ ತೆರಿಗೆ 17 ಪೈಸೆ. ಕಂಪನಿಗಳಿಗಿಂತ ವ್ಯಕ್ತಿಗಳು ಹೆಚ್ಚು ಕಟ್ಟುತ್ತಿದ್ದಾರೆ. 2019ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟ್ ತೆರಿಗೆಯ ಮೂಲ ದರವನ್ನು ಶೇ 22ಕ್ಕೆ, ಹೊಸ ಉತ್ಪಾದನಾ ಕಂಪನಿಗಳಿಗೆ ಶೇ 15ಕ್ಕೆ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ರೂ. ಆದಾಯ ಬಿಟ್ಟುಕೊಡುತ್ತಿದ್ದೇವೆ ಅಂತ ಸರ್ಕಾರವೇ ಹೇಳಿತ್ತು.

ಆದಾಯ ತೆರಿಗೆ ಮತ್ತು ಜಿಎಸ್‌ಟಿ, ಈ ಎರಡರಲ್ಲೂ ಒಂದು ಸಾಮ್ಯ ಇದೆ. ಬಹುಪಾಲು ವಸೂಲಿಯನ್ನು ಸರ್ಕಾರ ತಾನೇ ಮಾಡುವುದಿಲ್ಲ. ನಿಮ್ಮ ಸಂಬಳದ ತೆರಿಗೆಯನ್ನು ಕಂಪನಿ ಟಿಡಿಎಸ್ ಅಂತ ಹಿಡಿದು ಕಟ್ಟುತ್ತೆ. ಠೇವಣಿ ಬಡ್ಡಿಯ ತೆರಿಗೆಯನ್ನು ಬ್ಯಾಂಕ್ ಹಿಡಿಯುತ್ತೆ. ಸೋಪಿನ ಮೇಲಿನ ತೆರಿಗೆಯನ್ನು ಅಂಗಡಿಯವರು ನಿಮ್ಮಿಂದ ಪಡೆದು ಸರ್ಕಾರಕ್ಕೆ ಮುಟ್ಟಿಸುತ್ತಾರೆ. ಹಿಂದೆ ಊರಿನ ಕಂದಾಯ ವಸೂಲಿ ನೋಡಿಕೊಳ್ಳುತ್ತಿದ್ದ ಪಟೇಲ, ಶಾನುಭೋಗರಿಗೆ ಇನಾಂ ಜಮೀನಾದರೂ ಇತ್ತು. ಇವತ್ತಿನ ಅಂಗಡಿಯವರಿಗೆ ಈ ಕೆಲಸಕ್ಕೆ ಒಂದು ಪೈಸೆ ಸಿಗಲ್ಲ. ಲೆಕ್ಕಿಗರ ಫೀಸು ಅವರದ್ದೇ, ಸಾಫ್ಟ್‌ವೇರ್ ಖರ್ಚು ಅವರದ್ದೇ. ಜಿಎಸ್‌ಟಿಯ ತಿಂಗಳ ರಿಟರ್ನ್ ಒಂದು ದಿನ ತಡವಾದರೆ ದಿನಕ್ಕೆ 50 ರೂ. ದಂಡ, ವ್ಯಾಪಾರವೇ ಇಲ್ಲದ ತಿಂಗಳಾದರೂ ದಿನಕ್ಕೆ 20 ರೂ.

ಜಗತ್ತಿನ ಬಹುತೇಕ ದೇಶಗಳು ಹೀಗೇ ತೆರಿಗೆ ಸಂಗ್ರಹಿಸುತ್ತವೆ, ಅದರಲ್ಲಿ ತಪ್ಪೇನಿಲ್ಲ. ಆದರೆ ತನ್ನ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಡುವವರನ್ನು ಸರ್ಕಾರ ಹೇಗೆ ನಡೆಸಿಕೊಳ್ಳುತ್ತೆ ಎಂಬ ಪ್ರಶ್ನೆ ಇದರಿಂದಲೇ ಹುಟ್ಟುತ್ತೆ.

ತಾತ್ಕಾಲಿಕ ಪ್ಯಾಚ್‌ನ ಕಥೆ

ಪತ್ರಕರ್ತನಾಗುವ ಮೊದಲು ನಾನು ಕೆಲವು ವರ್ಷ ಬ್ಯಾಂಕಿಂಗ್ ಸಾಫ್ಟ್‌ವೇರ್ ಬರೆದವನು. ಅಲ್ಲಿ ಒಂದು ಮಾತಿತ್ತು: ತಾತ್ಕಾಲಿಕ ಪ್ಯಾಚ್‌ನಷ್ಟು ಶಾಶ್ವತವಾದದ್ದು ಬೇರೊಂದಿಲ್ಲ. ಜಿಎಸ್‌ಟಿಯ ಇತಿಹಾಸ ಓದಿದಾಗ ಈ ಮಾತು ನೆನಪಾಗುತ್ತೆ.

2017ರ ಜುಲೈ 1ರಂದು ಜಿಎಸ್‌ಟಿ ಶುರುವಾದಾಗ ಮೂರು ರಿಟರ್ನ್‌ಗಳ ವಿನ್ಯಾಸ ಇತ್ತು. ಮಾರಿದವರು ಜಿಎಸ್‌ಟಿಆರ್-1ರಲ್ಲಿ ಬಿಲ್ ಹಾಕಬೇಕು. ಕೊಂಡವರು ಜಿಎಸ್‌ಟಿಆರ್-2ರಲ್ಲಿ ಅದನ್ನು ನೋಡಿ, 'ಹೌದು, ಇದು ನಾನು ಕೊಂಡದ್ದೇ' ಅಥವಾ 'ಇಲ್ಲ, ಇದು ತಪ್ಪು' ಅನ್ನಬೇಕು. ಎರಡೂ ತಾಳೆಯಾದ ಮೇಲೆ ಜಿಎಸ್‌ಟಿಆರ್-3 ತಯಾರಾಗಬೇಕು. ಕಾಗದದ ಮೇಲೆ ಚೆಂದದ ವಿನ್ಯಾಸ. ಆದರೆ ಪೋರ್ಟಲ್ ಏದುಸಿರು ಬಿಟ್ಟಿತು, ವ್ಯಾಪಾರಿಗಳು ಹೈರಾಣಾದರು. ಅದೇ ವರ್ಷದ ನವೆಂಬರ್‌ನಲ್ಲಿ 2 ಮತ್ತು 3ನ್ನು ತಡೆಹಿಡಿದರು. ಅವುಗಳ ಬದಲು ತಾತ್ಕಾಲಿಕವಾಗಿ ಬಂದ ಜಿಎಸ್‌ಟಿಆರ್-3ಬಿ ಎಂಬ ಸಾರಾಂಶ ರಿಟರ್ನ್ ಇವತ್ತಿಗೂ ನಡೆಯುತ್ತಿದೆ.

ಮುಂದಿನ ವರ್ಷಗಳಲ್ಲಿ ಸರ್ಕಾರ ತನ್ನ ಕಣ್ಣನ್ನು ಒಂದೊಂದಾಗಿ ಜೋಡಿಸಿಕೊಂಡಿತು. 2018ರ ಏಪ್ರಿಲ್‌ನಿಂದ ಇ-ವೇ ಬಿಲ್ ಬಂತು, ಲಾರಿಯಲ್ಲಿ ಹೋಗುವ ಸರಕು ಕಾಣಿಸತೊಡಗಿತು. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂ.ಗಿಂತ ಹೆಚ್ಚಿನ ವಹಿವಾಟಿನ ಕಂಪನಿಗಳಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಮಿತಿ ಇಳಿಯುತ್ತಾ ಇಳಿಯುತ್ತಾ 2023ರ ಆಗಸ್ಟ್‌ಗೆ 5 ಕೋಟಿಗೆ ಬಂತು. ಆಮೇಲೆ ಯುಪಿಐ ಲೆಕ್ಕ. ಆದರೆ ಬಿಲ್ ನೋಡಿ ಒಪ್ಪುವ ಅಥವಾ ತಿರಸ್ಕರಿಸುವ ಅವಕಾಶ, ಕೊಳ್ಳುವವರಿಗೆ 2017ರಲ್ಲೇ ಕೊಡುತ್ತೇವೆ ಅಂದಿದ್ದ ಅವಕಾಶ, ಪೋರ್ಟಲ್‌ನಲ್ಲಿ ಮತ್ತೆ ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಸರ್ಕಾರಕ್ಕೆ ಬೇಕಾದ ಫೀಚರ್ ಬೇಗ ಬಂತು, ವ್ಯಾಪಾರಿಗೆ ಬೇಕಾದ ಫೀಚರ್ ಏಳು ವರ್ಷ ಕಾಯಿತು.

ಕದ್ದವರು ಒಬ್ಬರು, ಕಟ್ಟುವವರು ಇನ್ನೊಬ್ಬರು

ಈ ವಿನ್ಯಾಸದಿಂದ ಏನಾಗುತ್ತೆ ಅನ್ನೋದಕ್ಕೆ ಒಂದು ಉದಾಹರಣೆ. ನೀವು ಪೀಣ್ಯದಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಇಟ್ಟಿದ್ದೀರಿ ಅಂದುಕೊಳ್ಳಿ. 10 ಲಕ್ಷ ರೂ. ಉಕ್ಕು ಕೊಂಡಿರಿ. ಶೇ 18ರಂತೆ 1.8 ಲಕ್ಷ ಜಿಎಸ್‌ಟಿಯನ್ನೂ ಮಾರಿದವರಿಗೆ ಬ್ಯಾಂಕ್ ಮೂಲಕವೇ ಕೊಟ್ಟಿರಿ. ಬಿಲ್ ಇದೆ, ಇ-ವೇ ಬಿಲ್ ಇದೆ, ಸರಕು ನಿಮ್ಮ ಶೆಡ್‌ನಲ್ಲಿದೆ. ನೀವು ತಯಾರಿಸಿದ ಮಾಲು ಮಾರುವಾಗ ಕಟ್ಟಬೇಕಾದ ತೆರಿಗೆಯಲ್ಲಿ ಈ 1.8 ಲಕ್ಷ ಕಳೆದುಕೊಂಡಿರಿ. ಇದೇ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್. ತೆರಿಗೆ ಮೇಲೆ ತೆರಿಗೆ ಬೀಳದಂತೆ ನೋಡಿಕೊಳ್ಳುವುದೇ ಜಿಎಸ್‌ಟಿಯ ಮೂಲ ತತ್ವ.

ಆದರೆ ಉಕ್ಕು ಮಾರಿದವರು ಆ 1.8 ಲಕ್ಷವನ್ನು ಸರ್ಕಾರಕ್ಕೆ ಕಟ್ಟಲೇ ಇಲ್ಲ. ಅಂಗಡಿ ಮುಚ್ಚಿ ಹೋದರು. ಆಗ ನೋಟಿಸ್ ಬರುವುದು ನಿಮಗೆ. ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 16(2)(ಸಿ) ಪ್ರಕಾರ, ಮಾರಿದವರು ತೆರಿಗೆ ಕಟ್ಟಿದ್ದರೆ ಮಾತ್ರ ಕೊಂಡವರಿಗೆ ಕ್ರೆಡಿಟ್. ಒಮ್ಮೆ ಅವರಿಗೆ ಕೊಟ್ಟ ದುಡ್ಡನ್ನು ನೀವು ಈಗ ಬಡ್ಡಿ ಸಮೇತ ಇನ್ನೊಮ್ಮೆ ಕಟ್ಟಬೇಕು. ನನ್ನ ಪರಿಚಯದ ಜಿಎಸ್‌ಟಿ ಲೆಕ್ಕಿಗರೊಬ್ಬರು ಇದನ್ನು ಒಂದೇ ವಾಕ್ಯದಲ್ಲಿ ಹೇಳ್ತಾರೆ: "ಓಡಿ ಹೋದೋನು ಸಿಗಲ್ಲ ಸಾರ್, ಅಂಗಡಿ ತೆಗೆದಿಟ್ಟೋನು ಸಿಗ್ತಾನೆ."

ಕೋರ್ಟ್‌ಗೆ ಹೋದರೂ ಹಾದಿ ಸುಲಭವಿಲ್ಲ. 2023ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಮತ್ತು ಇಕಾಮ್ ಗಿಲ್ ಕಾಫಿ ಟ್ರೇಡಿಂಗ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದು ಜಿಎಸ್‌ಟಿಗಿಂತ ಹಿಂದಿನ ಕರ್ನಾಟಕ ವ್ಯಾಟ್ ಕಾಯ್ದೆಯ ವಿಷಯ. ಬಿಲ್ ತೋರಿಸಿ, ಚೆಕ್‌ನಲ್ಲಿ ಹಣ ಕೊಟ್ಟಿದ್ದೇನೆ ಅಂದರೆ ಸಾಲದು, ಸರಕು ನಿಜವಾಗಿ ಬಂದಿದೆ, ವ್ಯವಹಾರ ಅಸಲಿ ಎಂದು ಸಾಬೀತು ಮಾಡುವ ಹೊಣೆ ಕೊಂಡವರದ್ದೇ ಎಂದಿತು. ನಕಲಿ ಬಿಲ್ ದಂಧೆ ನಿಜವಾಗಿಯೂ ಇರುವುದರಿಂದ ಈ ಎಚ್ಚರಿಕೆಗೆ ಕಾರಣ ಇದೆ. ಆದರೆ ನಕಲಿ ಬಿಲ್ ಕೊಂಡವರನ್ನೂ ಅಸಲಿ ಸರಕು ಕೊಂಡು ಮೋಸ ಹೋದವರನ್ನೂ ಸೆಕ್ಷನ್ 16(2)(ಸಿ) ಒಂದೇ ತಕ್ಕಡಿಯಲ್ಲಿ ಇಡುತ್ತೆ.

ಇದಕ್ಕೆ ಬೇರೆ ದಾರಿಯೇ ಇಲ್ಲ ಅನ್ನುವ ಹಾಗಿಲ್ಲ. ನಮ್ಮದೇ ದೇಶದ ಇನ್ನೊಂದು ಕಾನೂನು ನೋಡಿ. ನಿಮ್ಮ ಕಂಪನಿ ಸಂಬಳದಲ್ಲಿ ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟದೇ ಹೋದರೆ, ಆ ದುಡ್ಡನ್ನು ನಿಮ್ಮಿಂದ ಮತ್ತೆ ಕೇಳುವಂತಿಲ್ಲ ಎಂದು 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 205 ಹೇಳುತ್ತೆ. ದುಡ್ಡು ಹಿಡಿದವರೇ ಹೊಣೆ. ಎರಡೂ ಕಡೆ ಸರ್ಕಾರದ ಪರವಾಗಿ ಒಬ್ಬರು ದುಡ್ಡು ಹಿಡಿದಿದ್ದಾರೆ, ಎರಡೂ ಕಡೆ ಅದನ್ನು ನುಂಗಿದ್ದಾರೆ. ಒಂದು ಕಡೆ ಕೊಟ್ಟವರಿಗೆ ರಕ್ಷಣೆ, ಇನ್ನೊಂದು ಕಡೆ ಕೊಟ್ಟವರಿಗೇ ನೋಟಿಸ್. ಯಾಕೆ?

ಒಂದೇ ಸಾಲ, ಎರಡು ಬಡ್ಡಿ

ಪ್ರಜೆ ಸರ್ಕಾರಕ್ಕೆ ಬಾಕಿ ಇದ್ದರೆ ಎಷ್ಟು ಬಡ್ಡಿ? ಸರ್ಕಾರ ಪ್ರಜೆಗೆ ಬಾಕಿ ಇದ್ದರೆ ಎಷ್ಟು? ಜಿಎಸ್‌ಟಿ ತಡವಾಗಿ ಕಟ್ಟಿದರೆ ವರ್ಷಕ್ಕೆ ಶೇ 18. ಸರ್ಕಾರ 60 ದಿನಗಳೊಳಗೆ ಕೊಡಬೇಕಾದ ರೀಫಂಡ್ ತಡಮಾಡಿದರೆ ಸಾಮಾನ್ಯವಾಗಿ ಶೇ 6. ಆದಾಯ ತೆರಿಗೆಯಲ್ಲಿ ನೀವು ತಡಮಾಡಿದರೆ ತಿಂಗಳಿಗೆ ಶೇ 1, ರೀಫಂಡ್‌ಗೆ ಸರ್ಕಾರ ಕೊಡುವುದು ತಿಂಗಳಿಗೆ ಶೇ 0.5. ಬಡ್ಡಿ ಅಂದರೆ ತಡಕ್ಕೆ ಕೊಡುವ ಬೆಲೆ. ಪ್ರಜೆಯ ಸಮಯಕ್ಕೆ ಸರ್ಕಾರದ ಸಮಯಕ್ಕಿಂತ ಬೆಲೆ ಕಡಿಮೆ ಅಂತ ಕಾನೂನಿನಲ್ಲೇ ಬರೆದಿಟ್ಟ ಹಾಗಾಯಿತು.

ಅಧಿಕಾರಿಯ ಆದೇಶ ತಪ್ಪು ಅನಿಸಿದರೆ ಮೇಲ್ಮನವಿ ಹಾಕಬಹುದು. ಅದಕ್ಕೆ ಮೊದಲು ವಿವಾದದ ತೆರಿಗೆಯ ಶೇ 10ನ್ನು ಠೇವಣಿ ಇಡಬೇಕು. ಆ ಮೇಲ್ಮನವಿಯಲ್ಲೂ ಸೋತರೆ? ಮುಂದಿನ ಮೆಟ್ಟಿಲು ಜಿಎಸ್‌ಟಿ ಮೇಲ್ಮನವಿ ನ್ಯಾಯಮಂಡಳಿ ಅಂತ 2017ರ ಕಾಯ್ದೆಯಲ್ಲೇ ಬರೆದಿತ್ತು. ಆ ನ್ಯಾಯಮಂಡಳಿಗೆ ಚಾಲನೆ ಸಿಕ್ಕಿದ್ದು 2025ರ ಸೆಪ್ಟೆಂಬರ್ 24ರಂದು. ಎಂಟು ವರ್ಷಕ್ಕೂ ಹೆಚ್ಚು ಕಾಲ ವಸೂಲಿಯ ಬಾಗಿಲು ದಿನದ 24 ಗಂಟೆ ತೆರೆದಿತ್ತು, ನ್ಯಾಯದ ಆ ಬಾಗಿಲನ್ನು ಕಟ್ಟಿಯೇ ಇರಲಿಲ್ಲ. ದೊಡ್ಡ ಕಂಪನಿ ಹೈಕೋರ್ಟ್‌ಗೆ ರಿಟ್ ಹಾಕಿ ಹಿರಿಯ ವಕೀಲರನ್ನು ನಿಲ್ಲಿಸಿತು. ರಾಣೆಬೆನ್ನೂರಿನಲ್ಲೋ ಶಿರಾದಲ್ಲೋ ಹಾರ್ಡ್‌ವೇರ್ ಅಂಗಡಿ ಇಟ್ಟವರು ಏನು ಮಾಡಬೇಕಿತ್ತು? ಬಹಳ ಜನ ಇಂಥ ಕಡೆ ಮಾಡುವುದು ಒಂದೇ: ಜಗಳ ಯಾಕೆ ಅಂತ ಕಟ್ಟಿ ಸುಮ್ಮನಾಗುವುದು.

ಇದೇ ಹೊತ್ತಿಗೆ ಕೇಂದ್ರ ಸರ್ಕಾರ ಆದಾಯ ತೆರಿಗೆಯ ಕಡೆ ನಿಜವಾದ ಕೆಲವು ಸುಧಾರಣೆ ತಂದಿದೆ, ಅದನ್ನು ಹೇಳಲೇಬೇಕು. 2020ರ ಆಗಸ್ಟ್‌ನಲ್ಲಿ ಬಂದ 'ಫೇಸ್‌ಲೆಸ್' ವ್ಯವಸ್ಥೆಯಲ್ಲಿ ನಿಮ್ಮ ಫೈಲ್ ಯಾವ ಊರಿನ ಯಾವ ಅಧಿಕಾರಿಯ ಮುಂದಿದೆ ಅಂತ ನಿಮಗೆ ಗೊತ್ತಾಗಲ್ಲ, ಹಾಗಾಗಿ ಟೇಬಲ್ ಕೆಳಗಿನ ವ್ಯವಹಾರಕ್ಕೆ ಜಾಗ ಕಡಿಮೆ. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರೂಪಿಸಿದ ಹೊಸ ಆದಾಯ ತೆರಿಗೆ ಕಾಯ್ದೆ 819 ಸೆಕ್ಷನ್‌ಗಳನ್ನು 536ಕ್ಕೆ ಇಳಿಸಿದೆ. ಭಾಷೆ ಸರಳವಾಗಿದೆ. ಆದರೆ ಮುಖ ಕಾಣದ ಅಧಿಕಾರಿಗೆ 'ಸಾರ್, ಈ ಎಂಟ್ರಿ ನನ್ನ ಮಾವ ಮದುವೆಗೆ ಕೊಟ್ಟ ಕೈಗಡ' ಅಂತ ವಿವರಿಸುವುದು ಎದುರು ಕೂತು ಹೇಳಿದಷ್ಟು ಸುಲಭವಲ್ಲ. ಲಂಚದ ದಾರಿ ಮುಚ್ಚುವಾಗ ವಿವರಣೆಯ ದಾರಿಯೂ ಕಿರಿದಾಗಬಾರದು.

'ಹಾಗಾದ್ರೆ ಸಣ್ಣೋರು ಕಟ್ಟೋದೇ ಬೇಡ್ವಾ?'

ಇದು ನ್ಯಾಯವಾದ ಪ್ರಶ್ನೆ. ಕಟ್ಟಬೇಕು. ವರ್ಷಕ್ಕೆ 40 ಲಕ್ಷ ರೂ. ದಾಟಿದ ಸರಕಿನ ವ್ಯಾಪಾರಿ, 20 ಲಕ್ಷ ದಾಟಿದ ಸೇವೆಯವರು ನೋಂದಣಿ ಮಾಡಿಸಬೇಕು ಅಂತ ಕಾನೂನಿದೆ. ಪಕ್ಕದ ಅಂಗಡಿಯವರು ನಿಯತ್ತಾಗಿ ತೆರಿಗೆ ಕಟ್ಟುವಾಗ ಇವರು ಕಟ್ಟದಿದ್ದರೆ ಅದು ಅವರಿಗೆ ಮಾಡುವ ಅನ್ಯಾಯ. ಸರ್ಕಾರಿ ಶಾಲೆ, ಅನ್ನಭಾಗ್ಯ, ಬಸ್ಸು ಎಲ್ಲಾ ನಡೆಯುವುದು ತೆರಿಗೆಯಿಂದಲೇ. ಯುಪಿಐ ಲೆಕ್ಕ ನೋಡಿದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ.

ನನ್ನ ತಕರಾರು ನೋಡಿದ ಮೇಲೆ ಮಾಡಿದ್ದರ ಬಗ್ಗೆ. ಸಣ್ಣ ವ್ಯಾಪಾರಿಗಳಿಗೆ ಕಾಂಪೊಸಿಷನ್ ಅಂತ ಒಂದು ಸರಳ ಯೋಜನೆ ಇದೆ. 1.5 ಕೋಟಿ ರೂ.ವರೆಗಿನ ವ್ಯಾಪಾರಕ್ಕೆ ಕೇವಲ ಶೇ 1 ತೆರಿಗೆ, ಬಿಲ್ ಬಿಲ್‌ಗೂ ಲೆಕ್ಕ ಒಪ್ಪಿಸುವ ಗೋಜಿಲ್ಲ. ವರ್ಷಕ್ಕೆ 50 ಲಕ್ಷ ವ್ಯಾಪಾರದ ಕಾಂಡಿಮೆಂಟ್ಸ್ ಅಂಗಡಿಗೆ ಇದರಲ್ಲಿ 50 ಸಾವಿರ ರೂ. ಬರುತ್ತೆ. ಅದೇ ಅಂಗಡಿಗೆ ಶೇ 18 ಹಾಕಿದರೆ 9 ಲಕ್ಷ. ಹಾಲು, ಬಿಸ್ಕತ್ತು, ಸಿಗರೇಟಿನ ತೆಳು ಲಾಭದಲ್ಲಿ ಅಷ್ಟು ದುಡ್ಡು ಹುಟ್ಟುವುದೇ ಇಲ್ಲ. ಕಾಂಪೊಸಿಷನ್‌ಗೆ ಹಿಂದಿನ ವರ್ಷಗಳಿಗೆ ಅನ್ವಯವಾಗುವಂತೆ ಸೇರಲು ಬರುವುದಿಲ್ಲ. ಅಂದರೆ ಮೊದಲ ವರ್ಷವೇ ಎಚ್ಚರಿಸಿದ್ದರೆ ಸಾವಿರಗಳಲ್ಲಿ ಮುಗಿಯುತ್ತಿದ್ದ ವಿಷಯ, ನಾಲ್ಕು ವರ್ಷ ಬಿಟ್ಟು ಕೇಳಿದ್ದಕ್ಕೆ ಲಕ್ಷಗಳಾಯಿತು.

ಇನ್ನೊಂದು ವಿಷಯ. ಖಾತೆಗೆ ಬಂದ ದುಡ್ಡೆಲ್ಲ ವ್ಯಾಪಾರವಲ್ಲ. ಕೈಗಡ, ಚೀಟಿ ದುಡ್ಡು, ತಮ್ಮ ಊರಿಂದ ಕಳಿಸಿದ್ದು, ಎಲ್ಲಾ ಅದೇ ಕ್ಯೂಆರ್ ಕೋಡ್‌ಗೆ ಬರುತ್ತೆ. ಡೇಟಾ ನೋಡಿ ಅನುಮಾನ ಪಡುವುದು ಸರಿ, ಡೇಟಾ ನೋಡಿಯೇ ತೆರಿಗೆಯ ಮೊತ್ತ ಬರೆಯುವುದು ಬೇರೆ. ಸಾಫ್ಟ್‌ವೇರ್ ಬರೆಯುವವರಿಗೆ ಈ ವ್ಯತ್ಯಾಸ ಗೊತ್ತು. ಅಲಾರಂ ಹೊಡೆದ ಕೂಡಲೇ ಕಳ್ಳ ಸಿಕ್ಕ ಅಂತ ಯಾರೂ ದಾಖಲಿಸಲ್ಲ.

ಹಾಗಾದರೆ ಸುಧಾರಣೆ ಅಂದರೆ ಏನು?

ನಾನು ನಾಲ್ಕು ವಿಷಯ ಮುಂದಿಡುತ್ತೇನೆ. ಒಂದು, ನೋಟಿಸ್‌ಗಿಂತ ಮೊದಲು ಎಚ್ಚರಿಕೆ. ವಹಿವಾಟು 30 ಲಕ್ಷ ದಾಟಿದಾಗಲೇ ಕನ್ನಡದಲ್ಲಿ ಒಂದು ಮೆಸೇಜ್ ಹೋಗಲಿ: ಮಿತಿ ಹತ್ತಿರ ಬರುತ್ತಿದೆ, ಕಾಂಪೊಸಿಷನ್ ಹೀಗೆ ಸೇರಿ, ವಿನಾಯಿತಿ ಸರಕಾದರೆ ಹೀಗೆ ತಿಳಿಸಿ. ನಾಲ್ಕು ವರ್ಷದ ಲೆಕ್ಕ ತೆಗೆಯಬಲ್ಲ ಕಂಪ್ಯೂಟರ್‌ಗೆ ಇದು ದೊಡ್ಡ ಕೆಲಸವಲ್ಲ.

ಎರಡು, ಟಿಡಿಎಸ್‌ಗೆ ಇರುವ ನ್ಯಾಯ ಜಿಎಸ್‌ಟಿಗೂ ಬರಲಿ. ಬ್ಯಾಂಕ್ ಮೂಲಕ ತೆರಿಗೆ ಕೊಟ್ಟು, ಸರಕು ಪಡೆದದ್ದಕ್ಕೆ ದಾಖಲೆ ಇಟ್ಟವರನ್ನು ಬಿಟ್ಟು, ನುಂಗಿದವರನ್ನು ಹಿಡಿಯಲಿ. ಬೇಕಿದ್ದರೆ ಪಾವತಿ ಆಗುವಾಗಲೇ ತೆರಿಗೆಯ ಭಾಗ ನೇರವಾಗಿ ಸರ್ಕಾರಕ್ಕೆ ಹೋಗುವ ವ್ಯವಸ್ಥೆ ತರಬಹುದು. ಇಟಲಿ 2015ರಿಂದ ಸರ್ಕಾರಿ ಖರೀದಿಗಳಲ್ಲಿ ಹೀಗೆ ಮಾಡುತ್ತಿದೆ, ಬ್ರೆಜಿಲ್ ತನ್ನ ಹೊಸ ತೆರಿಗೆ ಕಾನೂನಿನಲ್ಲಿ ಇದನ್ನು ಸೇರಿಸಿದೆ. ಸಣ್ಣ ಮಾರಾಟಗಾರರ ಕೈಯಲ್ಲಿ ಓಡಾಡುವ ದುಡ್ಡು ಇದರಿಂದ ಕಡಿಮೆಯಾಗುವ ಅಪಾಯ ಇದೆ, ಹಾಗಾಗಿ ದೊಡ್ಡ ಕಂಪನಿಗಳಿಂದ ಶುರು ಮಾಡಲಿ.

ಮೂರು, ಎರಡೂ ಕಡೆ ಒಂದೇ ಬಡ್ಡಿ. ಎಷ್ಟೇ ಇರಲಿ, ಸಮ ಇರಲಿ. ನಾಲ್ಕು, ತಪ್ಪಿನ ಲೆಕ್ಕವೂ ಬಹಿರಂಗವಾಗಲಿ. ಎಷ್ಟು ನೋಟಿಸ್ ಕಳಿಸಿದರು, ಅದರಲ್ಲಿ ಎಷ್ಟು ಬಿದ್ದುಹೋದವು, ಎಷ್ಟು ರೀಫಂಡ್ ತಡವಾಯಿತು ಅಂತ ಇಲಾಖೆವಾರು ಪ್ರಕಟಿಸಲಿ.

ಇದನ್ನು ಮಾಡಬೇಕಾದವರು ಯಾರು ಎಂಬಲ್ಲಿ ಎರಡೂ ಪಕ್ಷಗಳ ನೆಪ ಒಡೆಯುತ್ತೆ. ಜಿಎಸ್‌ಟಿ ಕೌನ್ಸಿಲ್‌ನಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ಎಲ್ಲ ರಾಜ್ಯಗಳಿಗೂ ಸೇರಿ ಮೂರನೇ ಎರಡು. ತೀರ್ಮಾನಕ್ಕೆ ನಾಲ್ಕನೇ ಮೂರು ಬೇಕು. ಅಂದರೆ ಕೇಂದ್ರ ಒಪ್ಪದೆ ಏನೂ ಆಗಲ್ಲ, ರಾಜ್ಯಗಳಿಲ್ಲದೆ ಕೇಂದ್ರಕ್ಕೂ ಆಗಲ್ಲ. ಬಡ್ಡಿ ದರ, ಸೆಕ್ಷನ್ 16ರ ಬದಲಾವಣೆ ಅಲ್ಲಿಂದಲೇ ಬರಬೇಕು, ಅದಕ್ಕೆ ಕೇಂದ್ರವನ್ನು ಕೇಳಬೇಕು. ಆದರೆ ನೋಟಿಸ್‌ಗೆ ಮೊದಲು ಎಚ್ಚರಿಸುವುದಕ್ಕೆ, ಕನ್ನಡದಲ್ಲಿ ಬರೆಯುವುದಕ್ಕೆ, ತನ್ನ ಇಲಾಖೆಯ ತಪ್ಪಿನ ಲೆಕ್ಕ ಪ್ರಕಟಿಸುವುದಕ್ಕೆ ಕರ್ನಾಟಕ ಸರ್ಕಾರ ದೆಹಲಿಯ ಅಪ್ಪಣೆ ಕೇಳಬೇಕಿಲ್ಲ. ಬಂದ್ ಕರೆದಾಗ ಮನ್ನಾ ಘೋಷಿಸುವುದು ಅಂದಿನ ಬೆಂಕಿ ಆರಿಸುತ್ತೆ ಅಷ್ಟೇ. ಮುಂದಿನ ನೋಟಿಸ್ ಹೇಗೆ ಹೋಗಬೇಕು ಎಂಬ ನಿಯಮ ಎಲ್ಲಿದೆ ಅಂತ ಯಾರೂ ಕೇಳಲಿಲ್ಲ.

2025ರ ಏಪ್ರಿಲ್‌ನಲ್ಲಿ ಜಿಎಸ್‌ಟಿ ಸಂಗ್ರಹ 2.37 ಲಕ್ಷ ಕೋಟಿ ರೂ. ಮುಟ್ಟಿದಾಗ ಎಲ್ಲಾ ಕಡೆ 'ದಾಖಲೆ' ಅಂತ ಸುದ್ದಿಯಾಯಿತು. ಅಂಥ ಇನ್ನೊಂದು ಹೆಡ್‌ಲೈನ್ ಬಂದಾಗ ನಿಮ್ಮ ಶಾಸಕರಿಗೂ ಸಂಸದರಿಗೂ ಒಂದು ಪ್ರಶ್ನೆ ಕಳಿಸಿ: ಈ ಮೊತ್ತದಲ್ಲಿ ಎಷ್ಟು ತಪ್ಪಾಗಿ ಕೇಳಿ ಪಡೆದದ್ದು, ಅದನ್ನು ವಾಪಸ್ ಕೊಡಲು ಎಷ್ಟು ದಿನ ಬೇಕು? ಲೆಕ್ಕ ಕೇಳುವ ಸರ್ಕಾರ ಈ ಲೆಕ್ಕವನ್ನೂ ಕೊಡಲಿ.